ದೊಡ್ಡಪ್ಪನ ಎಲ್‌ಪಿ, ಜೋ ಹ್ಯಾರಿಯಟ್ ಮತ್ತು ತಾರೀಖುಗಳ ಪ್ರಶ್ನೆ

ಪ್ರಶ್ನೆ: ನಾನು ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿರುವ ನಿವೃತ್ತ ಉಪನ್ಯಾಸಕ, ಗದಗದ ಕಡೆಯವನು. ಮುಂಬೈಯ ಹಡಗು ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ ನನ್ನ ದೊಡ್ಡಪ್ಪ ತೀರಿಕೊಂಡ ಬಳಿಕ, ಅವರ ಮಾಟುಂಗಾ ಮನೆಯಿಂದ ಎಲ್‌ಪಿ ರೆಕಾರ್ಡುಗಳ ಪೆಟ್ಟಿಗೆಯೊಂದು ನನ್ನ ಪಾಲಿಗೆ ಬಂತು. ಹಿಂದಿ ಚಿತ್ರಗೀತೆಗಳ ನಡುವೆ ಇದ್ದ ‘ಹಮ್ ದೋನೋ’ ಎಂಬುದನ್ನು ಸಿನಿಮಾ ರೆಕಾರ್ಡೆಂದೇ ತಿಳಿದು ಹಾಕಿದೆ. ಅದು ಜೋ ಹ್ಯಾರಿಯಟ್ ಎಂಬ ಸ್ಯಾಕ್ಸೊಫೋನ್ ವಾದಕರೂ ಅಮಾನ್ಸಿಯೊ ಡಿಸಿಲ್ವ ಎಂಬ ಗಿಟಾರ್ ವಾದಕರೂ ಕೂಡಿ ನುಡಿಸಿದ ಜಾಝ್ ಆಗಿತ್ತು. ಅಂದಿನಿಂದ ಹ್ಯಾರಿಯಟ್ ಅವರ ಬದುಕು ಮತ್ತು ಧ್ವನಿಮುದ್ರಣಗಳ ಬಗ್ಗೆ ಕನ್ನಡದಲ್ಲೊಂದು ಪುಸ್ತಕ ಬರೆಯುವ ಆಸೆ ಹತ್ತಿದೆ. ಆದರೆ ಓದಿದಷ್ಟೂ ಗೊಂದಲವೇ. ಒಂದೇ ರೆಕಾರ್ಡಿಗೆ ಬೇರೆ ಬೇರೆ ಇಸವಿಗಳು ಸಿಗುತ್ತವೆ. ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್‌ಮನ್ ಅವರನ್ನು ಅನುಕರಿಸಿದರೆಂದು ಕೆಲವರು, ಕೋಲ್‌ಮನ್‌ಗಿಂತ ಮೊದಲೇ ಫ್ರೀ ಜಾಝ್ (ನಿಗದಿತ ಕಟ್ಟುಗಳನ್ನು ಸಡಿಲಿಸಿದ ಜಾಝ್) ಶುರುಮಾಡಿದರೆಂದು ಇನ್ನು ಕೆಲವರು ಬರೆದಿದ್ದಾರೆ. ದೊಡ್ಡಪ್ಪನವರಂತೂ ಮುಂಬೈಯ ರಂಗ್ ಭವನದಲ್ಲಿ ನಡೆದ ಜಾಝ್ ಯಾತ್ರಾ ಎಂಬ ಸಂಗೀತೋತ್ಸವದಲ್ಲಿ ಹ್ಯಾರಿಯಟ್ ಅವರನ್ನು ಕಣ್ಣಾರೆ ಕಂಡೆನೆಂದು ಹೇಳುತ್ತಿದ್ದರು. ರೆಕಾರ್ಡಿನಲ್ಲಿ ‘ಬ್ಯಾಲಡ್ ಫಾರ್ ಗೋವಾ’ ಎಂಬ ರಚನೆಯೂ ಇದೆ. ಹಾಗಾದರೆ ಅವರು ಇತ್ತ ಬಂದಿದ್ದರೇ? ವ್ಯಾಪಾರಿಯೊಬ್ಬರು ಈ ರೆಕಾರ್ಡಿಗೆ ದೊಡ್ಡ ಮೊತ್ತ ಕೊಡುತ್ತೇನೆನ್ನುತ್ತಿದ್ದಾರೆ, ಮಾರಬಹುದೇ? ಡಿಜಿಟಲ್ ಪ್ರತಿ ಮಾಡಿ ಆಸಕ್ತರಿಗೆ ಹಂಚಬಹುದೇ? ಲಂಡನ್ನಿಗೆ ಹೋಗುವ ಶಕ್ತಿ ನನಗಿಲ್ಲ. ಪುಣೆಯಲ್ಲಿದ್ದುಕೊಂಡೇ ಈ ಕೆಲಸ ಸಾಧ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ: ಕೈಯಲ್ಲಿರುವುದು ಒಂದು ರೆಕಾರ್ಡು, ಒಂದು ಕುಟುಂಬದ ನೆನಪು ಮತ್ತು ಪರಸ್ಪರ ಹೊಂದದ ಕೆಲವು ಬರಹಗಳು, ಇಷ್ಟನ್ನೇ ನಂಬಿ ಒಬ್ಬ ಕಲಾವಿದರ ಬಗ್ಗೆ ಬರೆದರೆ ಸುಳ್ಳು ಬರೆದಂತಾಗುವುದೇ ಎಂಬುದು. ಈ ಆತಂಕ ಒಳ್ಳೆಯದು, ಅದನ್ನು ಕೊನೆಯವರೆಗೂ ಇಟ್ಟುಕೊಳ್ಳಿ. ಮುಂಬೈಯಲ್ಲಿ ಹಳೆಯ ಧ್ವನಿಮುದ್ರಣಗಳನ್ನು ಕಾಪಿಡುವ, ಅವುಗಳ ಪಟ್ಟಿ ಸಿದ್ಧಪಡಿಸುವ ಕೆಲಸದಲ್ಲಿರುವ ನಾನು ಕಂಡುಕೊಂಡ ಮಟ್ಟಿಗೆ, ಜಾಝ್‌ನಂತಹ ಮನೋಧರ್ಮ ಪ್ರಧಾನವಾದ ಸಂಗೀತದಲ್ಲಿ ಮೊದಲ ಸಾಕ್ಷಿ ಆ ದಿನ ಆ ಕೋಣೆಯಲ್ಲಿ ಆದ ಧ್ವನಿಮುದ್ರಣ. ತಿದ್ದಿ ಬರೆದ ಸ್ವರಲಿಪಿಯ ಹಸ್ತಪ್ರತಿಗಳು ಇಲ್ಲಿ ಅಷ್ಟಾಗಿ ಉಳಿದಿರುವುದಿಲ್ಲ, ನುಡಿಸಿದ್ದೇ ಕೃತಿ. ಆದ್ದರಿಂದ ಯಾರು, ಎಂದು, ಎಲ್ಲಿ, ಯಾರೊಡನೆ ನುಡಿಸಿದರು ಎಂಬುದನ್ನು ಒಂದೊಂದು ಧ್ವನಿಮುದ್ರಣಕ್ಕೂ ಬೇರೆ ಬೇರೆಯಾಗಿ ಗೊತ್ತುಮಾಡಿಕೊಂಡರೆ, ಬದುಕಿನ ಕಥೆಯ ಬಹುಪಾಲು ಅದರಿಂದಲೇ ಹೊರಡುತ್ತದೆ. ಕಥೆಯನ್ನು ಮೊದಲು ನಂಬಿ ಧ್ವನಿಮುದ್ರಣಗಳನ್ನು ಅದಕ್ಕೆ ಹೊಂದಿಸಲು ಹೊರಟಾಗಲೇ ನೀವು ಹೇಳುವ ಗೊಂದಲ ಹುಟ್ಟುವುದು.

ಅನುಮಾನವಿಲ್ಲದ ಸಂಗತಿಗಳನ್ನು ಮೊದಲು ಹೇಳುತ್ತೇನೆ. ಜೋ ಹ್ಯಾರಿಯಟ್ ಹುಟ್ಟಿದ್ದು 1928ರ ಜುಲೈ 15ರಂದು, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಲಕರ ಶಾಲೆಯಲ್ಲಿ ವಾದ್ಯ ಕಲಿತು, 1951ರಲ್ಲಿ ವಾದ್ಯವೃಂದವೊಂದರ ಜೊತೆ ಬ್ರಿಟನ್ನಿಗೆ ಹೋಗಿ ಅಲ್ಲಿಯೇ ನೆಲೆಸಿದರು. ಆಲ್ಟೊ ಸ್ಯಾಕ್ಸೊಫೋನ್ ಅವರ ವಾದ್ಯ. 1960ರ ಹೊತ್ತಿಗೆ ಸೇಂಟ್ ವಿನ್ಸೆಂಟ್ ದ್ವೀಪದ ಟ್ರಂಪೆಟ್ ವಾದಕ ಶೇಕ್ ಕೀನ್, ಜಮೈಕಾ ಮೂಲದ ಬಾಸ್ ವಾದಕ ಕೋಲ್‌ರಿಜ್ ಗೂಡ್, ಸ್ಕಾಟ್ಲೆಂಡಿನ ಪಿಯಾನೊ ವಾದಕ ಪ್ಯಾಟ್ ಸ್ಮೈದ್ ಮತ್ತು ಡ್ರಮ್ ನುಡಿಸುವ ಫಿಲ್ ಸೀಮನ್ ಅವರನ್ನು ಕೂಡಿಸಿಕೊಂಡು ತಾವು ‘ಫ್ರೀ ಫಾರ್ಮ್’ ಎಂದು ಕರೆದ ಸಂಗೀತಕ್ಕೆ ತೊಡಗಿದರು. 1960ರ ದಶಕದ ನಡುವಿನಿಂದ ಕೊಲ್ಕತ್ತದಲ್ಲಿ ಹುಟ್ಟಿದ ಸಂಗೀತ ರಚನಕಾರ ಜಾನ್ ಮೇಯರ್ ಅವರೊಡನೆ, ಐವರು ಭಾರತೀಯ ವಾದ್ಯದವರು ಮತ್ತು ಐವರು ಜಾಝ್ ವಾದಕರ ಕೂಟದಲ್ಲಿ, ‘ಇಂಡೋ-ಜಾಝ್’ ಹೆಸರಿನ ರೆಕಾರ್ಡುಗಳನ್ನು ಮಾಡಿದರು. 1969ರಲ್ಲಿ ಬಂದದ್ದು ನಿಮ್ಮ ಕೈಯಲ್ಲಿರುವ ‘ಹಮ್ ದೋನೋ’. 1973ರ ಜನವರಿ 2ರಂದು, 44ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಈ ಕೊನೆಯ ತಾರೀಖು ನಿಮ್ಮ ದೊಡ್ಡಪ್ಪನವರ ಮಾತಿಗೆ ಉತ್ತರ ಕೊಡುತ್ತದೆ. ಜಾಝ್ ಯಾತ್ರಾ ಮುಂಬೈಯಲ್ಲಿ ಮೊದಲು ನಡೆದದ್ದು 1978ರಲ್ಲಿ. ಆ ಹೊತ್ತಿಗೆ ಹ್ಯಾರಿಯಟ್ ತೀರಿಕೊಂಡು ಐದು ವರ್ಷವಾಗಿತ್ತು. ಹಾಗಾಗಿ ದೊಡ್ಡಪ್ಪನವರು ರಂಗ್ ಭವನದ ಆ ವೇದಿಕೆಯಲ್ಲಿ ಕಂಡದ್ದು ಹ್ಯಾರಿಯಟ್ ಅವರನ್ನಲ್ಲ. ಇದರಿಂದ ದೊಡ್ಡಪ್ಪನವರು ಸುಳ್ಳಾಡಿದರೆಂದು ತಿಳಿಯಬೇಕಾಗಿಲ್ಲ. ಸೋನಿ ರೋಲಿನ್ಸ್ ಅವರಂತಹ ಸ್ಯಾಕ್ಸೊಫೋನ್ ವಾದಕರು ಮೊದಲ ಯಾತ್ರಾದಲ್ಲೇ ನುಡಿಸಿದ್ದರು. ಮನೆಯಲ್ಲಿ ವರ್ಷಗಟ್ಟಲೆ ಕೇಳಿದ ಒಂದು ರೆಕಾರ್ಡು ಮತ್ತು ಒಂದು ರಾತ್ರಿ ನೋಡಿದ ಒಂದು ಕಛೇರಿ, ಇವೆರಡೂ ಕಾಲ ಕಳೆದಂತೆ ಒಂದೇ ನೆನಪಾಗಿ ಬೆಸೆದುಕೊಳ್ಳುವುದನ್ನು ಹಿರಿಯ ಕೇಳುಗರೊಡನೆ ಮಾತನಾಡುವಾಗ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರ ಮಾತು ಹ್ಯಾರಿಯಟ್ ಅವರ ಪ್ರವಾಸಕ್ಕೆ ಸಾಕ್ಷಿಯಾಗದಿದ್ದರೂ, ಮಾಟುಂಗಾದ ಕನ್ನಡ ಮನೆಯೊಂದರಲ್ಲಿ ಈ ಸಂಗೀತ ಎಷ್ಟು ಆಳವಾಗಿ ಇಳಿದಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಪುಸ್ತಕದಲ್ಲಿ ಅದಕ್ಕೆ ಆ ಜಾಗವನ್ನೇ ಕೊಡಿ.

ಹಾಗೆಯೇ ‘ಬ್ಯಾಲಡ್ ಫಾರ್ ಗೋವಾ’ ಎಂಬ ಹೆಸರು ಹ್ಯಾರಿಯಟ್ ಗೋವಾಕ್ಕೆ ಬಂದಿದ್ದರೆಂಬುದಕ್ಕೆ ಆಧಾರವಾಗುವುದಿಲ್ಲ. ಗೋವಾ ಈ ರೆಕಾರ್ಡಿಗೆ ಬಂದದ್ದು ಅಮಾನ್ಸಿಯೊ ಡಿಸಿಲ್ವ ಅವರಿಂದ. ಅವರು ಗೋವಾ ಮೂಲದ ಕುಟುಂಬದಲ್ಲಿ 1936ರಲ್ಲಿ ಮುಂಬೈಯಲ್ಲಿ ಹುಟ್ಟಿ, 1960ರ ದಶಕದ ಕೊನೆಯಲ್ಲಿ ಲಂಡನ್ನಿಗೆ ಹೋದವರು. ‘ಹಮ್ ದೋನೋ’ ತಯಾರಾದದ್ದೂ ಲಂಡನ್ನಿನಲ್ಲೇ, ನಿರ್ಮಾಪಕ ಡೆನಿಸ್ ಪ್ರೆಸ್ಟನ್ ಅವರ ಲ್ಯಾನ್ಸ್‌ಡೌನ್ ಎಂಬ ರೆಕಾರ್ಡು ಸರಣಿಯಲ್ಲಿ. ಬಾಸ್‌ನಲ್ಲಿ ಡೇವ್ ಗ್ರೀನ್, ಡ್ರಮ್‌ನಲ್ಲಿ ಬ್ರಯನ್ ಸ್ಪ್ರಿಂಗ್, ಟ್ರಂಪೆಟ್ ವರ್ಗದ ವಾದ್ಯದಲ್ಲಿ ಇಯಾನ್ ಕಾರ್, ಗಾಯನದಲ್ಲಿ ನಾರ್ಮಾ ವಿನ್‌ಸ್ಟನ್ ಇದ್ದರು. ಎಲ್ಲರೂ ಆಗ ಬ್ರಿಟನ್ನಿನಲ್ಲಿ ನುಡಿಸುತ್ತಿದ್ದವರೇ.

ಕೋಲ್‌ಮನ್ ಅವರ ಅನುಕರಣೆಯ ಆಪಾದನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹ್ಯಾರಿಯಟ್ ಅವರಿಗೆ ಬದುಕಿರುವಾಗಲೂ ಆಮೇಲೂ ಹೆಚ್ಚು ಅನ್ಯಾಯ ಮಾಡಿದ ಮಾತು ಇದೇ ಎಂದು ನಾನು ಭಾವಿಸುತ್ತೇನೆ. ಕೋಲ್‌ಮನ್ ಅವರ ಮೊದಲ ರೆಕಾರ್ಡು 1958ರದು. ಜಾಝ್ ಲೋಕವನ್ನು ಕಲಕಿದ ‘ದ ಶೇಪ್ ಆಫ್ ಜಾಝ್ ಟು ಕಮ್’ ಧ್ವನಿಮುದ್ರಣವಾದದ್ದು 1959ರ ಮೇ ತಿಂಗಳಿನಲ್ಲಿ. ಇಡೀ ಪಂಥಕ್ಕೆ ಹೆಸರು ಕೊಟ್ಟ ಅವರ ‘ಫ್ರೀ ಜಾಝ್’ ಧ್ವನಿಮುದ್ರಣವಾದದ್ದು 1960ರ ಡಿಸೆಂಬರ್ 21ರಂದು. ಹ್ಯಾರಿಯಟ್ ಅವರ ‘ಫ್ರೀ ಫಾರ್ಮ್’ ಕೂಡ 1960ರಲ್ಲೇ ಧ್ವನಿಮುದ್ರಣಗೊಂಡು 1961ರಲ್ಲಿ ಮಾರುಕಟ್ಟೆಗೆ ಬಂತು. ಕೋಲ್‌ಮನ್ ಮೊದಲಿಗರೆಂದು ವಾದಿಸುವವರು 1959ನ್ನು ಹಿಡಿಯುತ್ತಾರೆ, ಹ್ಯಾರಿಯಟ್ ಪರವಾಗಿ ವಾದಿಸುವವರು 1960ರ ಡಿಸೆಂಬರನ್ನು ಹಿಡಿಯುತ್ತಾರೆ. ಇಬ್ಬರೂ ತಮಗೆ ಬೇಕಾದ ರೆಕಾರ್ಡನ್ನು ಮುಂದಿಟ್ಟು ಓಟದ ಪಂದ್ಯ ನಡೆಸುತ್ತಿದ್ದಾರೆ. ಹ್ಯಾರಿಯಟ್ ಅವರ ಯೋಚನೆ ಮೊಳೆತದ್ದು ಶ್ವಾಸಕೋಶದ ಕಾಯಿಲೆಯಿಂದ ಅವರು ಆಸ್ಪತ್ರೆಯಲ್ಲಿದ್ದ ಕಾಲದಲ್ಲಿ ಎಂಬ ಮಾತು ಪ್ರಚಾರದಲ್ಲಿದೆ. ಆದರೆ ಯೋಚನೆಗೆ ತಾರೀಖು ಹಾಕುವುದು ಕಷ್ಟ, ಧ್ವನಿಮುದ್ರಣಕ್ಕೆ ಹಾಕಬಹುದು.

ಪಂದ್ಯವನ್ನು ಬದಿಗಿಟ್ಟು ಎರಡನ್ನೂ ಕಿವಿಗೊಟ್ಟು ಕೇಳಿದರೆ ಅನುಕರಣೆಯ ಮಾತು ತಾನಾಗಿಯೇ ಬಿದ್ದುಹೋಗುತ್ತದೆ. 1959ರ ಕೋಲ್‌ಮನ್ ತಮ್ಮ ತಂಡದಿಂದ ಪಿಯಾನೊವನ್ನೇ ಕೈಬಿಟ್ಟಿದ್ದರು. ಸ್ವರಮೇಳದ (ಒಟ್ಟಿಗೆ ನುಡಿಯುವ ಸ್ವರಗಳ, ಅಂದರೆ ಕಾರ್ಡ್‌ಗಳ) ಕಟ್ಟು ಬೇಡವೆನ್ನುವವರಿಗೆ ಅದು ಸಹಜವಾದ ದಾರಿ. ಹ್ಯಾರಿಯಟ್ ಪಿಯಾನೊವನ್ನು ಉಳಿಸಿಕೊಂಡರು, ಸ್ಮೈದ್ ಅವರಿಗೆ ಸ್ವರಮೇಳದ ಕಾವಲುಗಾರನ ಕೆಲಸ ಬಿಡಿಸಿ ಸಮಾನ ಸಂವಾದಿಯ ಜಾಗ ಕೊಟ್ಟರು. ತಮ್ಮ ವಿಧಾನವನ್ನು ಅವರು ‘ಆಬ್‌ಸ್ಟ್ರ್ಯಾಕ್ಟ್’ ಎಂಬ ಮುಂದಿನ ರೆಕಾರ್ಡಿನ ಹೊದಿಕೆಯ ಟಿಪ್ಪಣಿಯಲ್ಲಿ ವಿವರಿಸಿದ್ದಾರೆ: ಸ್ಥಿರವಾದ ತಾಳ, ಒಂದೇ ಗತಿ, ಧಾತುವಿನ (ಮೂಲ ಸ್ವರಧಾಟಿಯ) ವಿಸ್ತಾರ, ನಿಗದಿಯಾದ ಆವರ್ತಗಳು ಇಂತಹವುಗಳ ಪೈಕಿ ಯಾವುದನ್ನು ಬೇಕಾದರೂ ಬಿಡಬಹುದು, ಆದರೆ ಪ್ರತಿ ರಚನೆಯಲ್ಲೂ ಒಂದನ್ನಾದರೂ ಉಳಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಧಾರವಾಡ, ಗದಗದ ಕಡೆಯ ಗಾಯನ ಕೇಳಿ ಬೆಳೆದ ನಿಮಗೆ ಇದು ಬೇಗ ಹಿಡಿಯುತ್ತದೆ. ಆಲಾಪದಲ್ಲಿ ತಬಲಾ ಸುಮ್ಮನಿದ್ದ ಮಾತ್ರಕ್ಕೆ ಗಾಯಕರು ಮನಬಂದಂತೆ ಹಾಡುತ್ತಿದ್ದಾರೆಂದು ಯಾರೂ ಹೇಳುವುದಿಲ್ಲ. ಫ್ರೀ ಜಾಝ್ ಎಂದರೆ ಕಟ್ಟಿಲ್ಲದ ಗದ್ದಲ ಎಂಬ ತಪ್ಪು ತಿಳಿವಳಿಕೆಯನ್ನು ಕನ್ನಡದ ಓದುಗರ ಮನಸ್ಸಿನಿಂದ ತೆಗೆಯಲು ನಿಮ್ಮ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಈಗ ಇಸವಿಗಳ ಗೊಂದಲ. ಒಂದು ರೆಕಾರ್ಡಿಗೆ ಕನಿಷ್ಠ ಮೂರು ತಾರೀಖುಗಳಿರುತ್ತವೆ: ನುಡಿಸಿದ ದಿನ, ಮೊದಲು ಮಾರಾಟಕ್ಕೆ ಬಂದ ಕಾಲ, ಆಮೇಲೆ ಮರುಮುದ್ರಣವಾದ ಕಾಲ. ಬೇರೆ ಬೇರೆ ಬರಹಗಾರರು ಬೇರೆ ಬೇರೆಯದನ್ನು ಎತ್ತಿಕೊಂಡು ಎಲ್ಲಕ್ಕೂ ಒಂದೇ ಶೀರ್ಷಿಕೆ ಕೊಡುತ್ತಾರೆ. ಹ್ಯಾರಿಯಟ್ ಅವರ ‘ಆಬ್‌ಸ್ಟ್ರ್ಯಾಕ್ಟ್’ ಹೊರಬಂದದ್ದು 1963ರಲ್ಲಿ, ಅಮೆರಿಕದ ‘ಡೌನ್ ಬೀಟ್’ ಪತ್ರಿಕೆ ಅದಕ್ಕೆ ಐದು ನಕ್ಷತ್ರಗಳ ಪೂರ್ಣ ಅಂಕ ಕೊಟ್ಟಿತು. ಆದರೆ ಅದರೊಳಗಿನ ಸಂಗೀತ 1961ರದ್ದು ಸ್ವಲ್ಪ, 1962ರದ್ದು ಸ್ವಲ್ಪ, ಎರಡು ಸಲದಲ್ಲಿ ಡ್ರಮ್ ನುಡಿಸಿದವರೂ ಬೇರೆ. ಹಾಗಿರುವಾಗ ‘ಆಬ್‌ಸ್ಟ್ರ್ಯಾಕ್ಟ್‌ನ ತಂಡ’ ಎಂದು ಒಂದೇ ಪಟ್ಟಿ ಬರೆದರೆ ಅದು ತಪ್ಪು. ದೇಶ ಬದಲಾದಾಗ ಕಂಪನಿಯ ಹೆಸರೂ ಬದಲಾಗುತ್ತದೆ: ಇಂಡೋ-ಜಾಝ್ ರೆಕಾರ್ಡುಗಳು ಬ್ರಿಟನ್ನಿನಲ್ಲಿ ಕೊಲಂಬಿಯಾ, ಅಮೆರಿಕದಲ್ಲಿ ಅಟ್ಲಾಂಟಿಕ್ ಹೆಸರಿನಲ್ಲಿ ಬಂದವು, ಅಜಾಗರೂಕರು ಒಂದನ್ನೇ ಎರಡೆಂದು ಎಣಿಸಿಬಿಡುತ್ತಾರೆ. ಇನ್ನೊಂದು ತುದಿಯಲ್ಲಿ ಡಿಸಿಲ್ವ ಅವರ ‘ಕೊಂಕಣ್ ಡಾನ್ಸ್’ ಇದೆ. 1970ರ ದಶಕದ ಆರಂಭದಲ್ಲಿ ನುಡಿಸಿದ ಆ ಸಂಗೀತ ಕೇಳುಗರಿಗೆ ಸಿಕ್ಕಿದ್ದು 2006ರಲ್ಲಿ. ಹೊರಬಂದ ವರ್ಷವನ್ನಷ್ಟೇ ನೋಡುವವರಿಗೆ ಅದು ತೀರಿಕೊಂಡ ಕಲಾವಿದರ ಹೊಸ ರೆಕಾರ್ಡಿನಂತೆ ಕಾಣುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ರೆಕಾರ್ಡಿನ ಹೆಸರಿನಡಿ ಅಲ್ಲ, ಧ್ವನಿಮುದ್ರಣದ ದಿನದಡಿ ಒಂದೊಂದು ಹಾಳೆ ತೆರೆಯಿರಿ. ಸ್ಥಳ, ವಾದಕರು, ರಚನೆಗಳು, ಅವು ಯಾವ ಯಾವ ರೆಕಾರ್ಡುಗಳಲ್ಲಿ ಸೇರಿವೆ ಎಂಬುದನ್ನು ಬರೆದು, ಪ್ರತಿ ಸಂಗತಿಯ ಮುಂದೆ ಅದು ಸಿಕ್ಕಿದ ಮೂಲವನ್ನು ಸೇರಿಸಿ. ಒಂದೇ ಮೂಲದಿಂದ ನಕಲಾದ ಹತ್ತು ಬರಹಗಳು ಒಂದೇ ಸಾಕ್ಷಿ.

ಬಡತನದಲ್ಲಿ, ಯಾರಿಗೂ ಬೇಡವಾಗಿ ತೀರಿಕೊಂಡ ಮಹಾಪ್ರತಿಭೆ ಎಂಬ ಚಿತ್ರವೂ ನಿಮ್ಮ ಓದಿನಲ್ಲಿ ಬಂದಿರಬಹುದು. ಕೊನೆಯ ವರ್ಷಗಳು ಕಷ್ಟದವಾಗಿದ್ದವು ಎಂಬುದು ನಿಜ. 1965ರಲ್ಲಿ ಶೇಕ್ ಕೀನ್ ಜರ್ಮನಿಯ ವಾದ್ಯವೃಂದಕ್ಕೆ ಸೇರಿಕೊಂಡ ಮೇಲೆ ಆ ಅಪೂರ್ವ ತಂಡ ಉಳಿಯಲಿಲ್ಲ. ಮುಂದೆ ಹ್ಯಾರಿಯಟ್ ಊರೂರು ತಿರುಗಿ ಆಯಾ ಊರಿನ ಪಕ್ಕವಾದ್ಯದವರೊಡನೆ ನುಡಿಸುತ್ತಿದ್ದರು. ಆದರೂ ಅವರನ್ನು ಬರೀ ಮರುಕಕ್ಕೆ ಪಾತ್ರರಾದವರಂತೆ ಚಿತ್ರಿಸಬೇಡಿ. ಒಂದೇ ದಶಕದಲ್ಲಿ ಎರಡು ಸಲ ತಮ್ಮ ಸಂಗೀತದ ದಿಕ್ಕನ್ನೇ ಬದಲಿಸಿಕೊಂಡ ಧೈರ್ಯ ಅವರದು.

ನಿಮ್ಮ ರೆಕಾರ್ಡಿನ ವಿಚಾರಕ್ಕೆ ಬರೋಣ. ಬೆಳಕಿಗೆ ಹಿಡಿದು, ಸಂಗೀತದ ಗೆರೆಗಳು ಮುಗಿದು ಲೇಬಲ್ ಆರಂಭವಾಗುವ ಮುಂಚಿನ ನುಣುಪಾದ ಭಾಗವನ್ನು ನೋಡಿ. ಅಲ್ಲಿ ಒತ್ತಿರುವ ಮುಖ್ಯ ಸಂಖ್ಯೆಯನ್ನು ಗಡಿಯಾರದ ಆರು ಗಂಟೆಯ ಜಾಗಕ್ಕೆ ಬರುವಂತೆ ಹಿಡಿದರೆ, ಆ ಕಾಲದ ಬ್ರಿಟಿಷ್ ಇಎಂಐ ಕಂಪನಿಯ ರೆಕಾರ್ಡುಗಳಲ್ಲಿ ಒಂಬತ್ತು ಗಂಟೆಯ ಕಡೆ ಒಂದು ಅಂಕಿಯೂ ಮೂರು ಗಂಟೆಯ ಕಡೆ ಒಂದೆರಡು ಇಂಗ್ಲಿಷ್ ಅಕ್ಷರಗಳೂ ಕಾಣುತ್ತವೆ. ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ ಎಂಬ ಹತ್ತು ಅಕ್ಷರಗಳು ಕ್ರಮವಾಗಿ 1ರಿಂದ 9 ಮತ್ತು 0 ಅಂಕಿಗಳನ್ನು ಸೂಚಿಸುತ್ತವೆ. ಅಚ್ಚು ಎಷ್ಟನೆಯದು ಎಂಬುದು ಅದರಿಂದ ತಿಳಿಯುತ್ತದೆ. ಜಿ ಎಂದಿದ್ದರೆ ಮೊದಲ ಅಚ್ಚು, ಜಿಆರ್ ಎಂದಿದ್ದರೆ ಹನ್ನೆರಡನೆಯದು. ಇದು ಒತ್ತಿದ ಕ್ರಮವನ್ನು ಹೇಳುತ್ತದೆಯೇ ಹೊರತು ನುಡಿಸಿದ ದಿನವನ್ನಲ್ಲ. ಲೇಬಲ್ ಅಥವಾ ಹೊದಿಕೆಯ ಮೇಲೆ ದಮ್‌ದಮ್ ಎಂದಿದ್ದರೆ ಅದು ಕೊಲ್ಕತ್ತದ ಕಾರ್ಖಾನೆಯಲ್ಲಿ ಒತ್ತಿದ್ದು. ಈ ಎಲ್ಲವನ್ನೂ ಬರೆದಿಟ್ಟುಕೊಂಡು ಫೋಟೊ ತೆಗೆಯುವವರೆಗೆ ಯಾವ ವ್ಯಾಪಾರಿಗೂ ಮಾತು ಕೊಡಬೇಡಿ. ಮೂಲ ಲ್ಯಾನ್ಸ್‌ಡೌನ್ ರೆಕಾರ್ಡುಗಳನ್ನು ಸಂಗ್ರಾಹಕರು ಹುಡುಕಿಕೊಂಡು ಬರುವುದು ನಿಜ, ಆದರೆ ಬೆಲೆ ನಿಂತಿರುವುದು ಗೆರೆಗಳ ಮತ್ತು ಹೊದಿಕೆಯ ಸ್ಥಿತಿಯ ಮೇಲೆ. ನನ್ನ ಸಲಹೆ ಕೇಳುವುದಾದರೆ ಪುಸ್ತಕ ಮುಗಿಯುವವರೆಗೆ ಮಾರಬೇಡಿ. ಹೊದಿಕೆಯ ಹಿಂಬದಿಯ ಬರಹ, ಯಾರಾದರೂ ಪೆನ್ನಿನಲ್ಲಿ ಬರೆದ ಹೆಸರು, ಅಂಗಡಿಯ ಚೀಟಿ, ಇವೆಲ್ಲವೂ ದಾಖಲೆ. ಮಾರಿದ ಮೇಲೆ ಅವು ಮರಳಿ ಬರುವುದಿಲ್ಲ.

ಮುಂಬೈಯ ಮಳೆಗಾಲಗಳನ್ನು ಕಂಡ ರೆಕಾರ್ಡಾದ್ದರಿಂದ ಬೂಷ್ಟು ಇದ್ದೇ ಇರುತ್ತದೆಂದು ಎಣಿಸಿ, ಶುಚಿ ಮಾಡದೆ ಮತ್ತೆ ಹಾಕಬೇಡಿ. ಕೊಳೆಯೊಂದಿಗೆ ಮುಳ್ಳು ಓಡಿದರೆ ಗೆರೆಗೆ ಆಗುವ ಗಾಯ ಶಾಶ್ವತ. ಬಟ್ಟಿ ಇಳಿಸಿದ ನೀರು ಮತ್ತು ಮೃದುವಾದ ಬ್ರಶ್ ಸಾಕು, ಲೇಬಲ್ ಒದ್ದೆಯಾಗದಂತೆ ನೋಡಿಕೊಳ್ಳಿ. ಪೆಟ್ಟಿಗೆಯಲ್ಲಿ ಹಳೆಯ 78 ಆರ್‌ಪಿಎಂ ಅರಗಿನ ರೆಕಾರ್ಡುಗಳೂ ಇದ್ದರೆ ಅವುಗಳಿಗೆ ಸ್ಪಿರಿಟ್ ತಾಕಿಸಲೇಬೇಡಿ, ಅವು ಕರಗುತ್ತವೆ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ. ಡಿಜಿಟಲ್ ಪ್ರತಿಯನ್ನು 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ, ಕುಗ್ಗಿಸದ ಫೈಲಾಗಿ ಮಾಡಿಸಿ, ಆ ಮೂಲ ಫೈಲಿನಿಂದ ಒಂದು ಚಿಟಪಟ ಸದ್ದನ್ನೂ ತೆಗೆಯದೆ ಹಾಗೆಯೇ ಇಡಿ. ಸದ್ದು ತೆಗೆಯುವ ತಂತ್ರಾಂಶಕ್ಕೆ ಗೀರಿನ ಸದ್ದಿಗೂ ಸ್ಯಾಕ್ಸೊಫೋನ್‌ನ ಒರಟು ಉಸಿರಿಗೂ ವ್ಯತ್ಯಾಸ ತಿಳಿಯದು. ಫ್ರೀ ಜಾಝ್‌ನಲ್ಲಿ ಆ ಒರಟೂ ಸಂಗೀತವೇ.

ಹಂಚುವ ವಿಷಯದಲ್ಲಿ ಎಚ್ಚರಿಕೆ ಬೇಕು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ವರ್ಷದ ಮರುವರ್ಷದಿಂದ 60 ವರ್ಷ ಇರುತ್ತದೆ. 1969ರ ‘ಹಮ್ ದೋನೋ’ಗೆ ಅದು 2029ರ ಕೊನೆಯವರೆಗೆ ಬರುತ್ತದೆ. ಸಂಗೀತ ರಚನೆಯ ಹಕ್ಕು ಬೇರೆಯೇ, ಅದು ರಚಿಸಿದವರ ಮರಣಾನಂತರ 60 ವರ್ಷ; ಹ್ಯಾರಿಯಟ್ ಅವರ ರಚನೆಗಳಿಗೆ 2033ರ ಕೊನೆಯವರೆಗೆ, 1996ರಲ್ಲಿ ತೀರಿಕೊಂಡ ಡಿಸಿಲ್ವ ಅವರವಕ್ಕೆ 2056ರವರೆಗೆ. ಖಾಸಗಿ ಅಧ್ಯಯನಕ್ಕಾಗಿ ನೀವು ಪ್ರತಿ ಮಾಡಿಟ್ಟುಕೊಳ್ಳುವುದಕ್ಕೂ, ವಿಮರ್ಶೆಯ ಭಾಗವಾಗಿ ಚಿಕ್ಕ ತುಣುಕು ಕೇಳಿಸುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ವಾಟ್ಸ್ಆ್ಯಪ್ ಗುಂಪಿಗೆ ಪೂರ್ತಿ ರೆಕಾರ್ಡು ಕಳಿಸುವುದಕ್ಕೆ ಇಲ್ಲ. ಪುಸ್ತಕದಲ್ಲಿ ಹೊದಿಕೆಯ ಚಿತ್ರ ಅಚ್ಚುಹಾಕುವ ಮುನ್ನ ಪ್ರಕಾಶಕರ ಮೂಲಕ ಅನುಮತಿ ಕೇಳಿಸಿ.

ಪುಣೆಯಲ್ಲಿ ಕುಳಿತು ಇದು ಸಾಧ್ಯವೇ ಎಂಬ ಪ್ರಶ್ನೆಗೆ ನನ್ನ ಉತ್ತರ ನೀವು ಯಾವ ಪುಸ್ತಕ ಬರೆಯುತ್ತೀರಿ ಎಂಬುದರ ಮೇಲಿದೆ. ಹ್ಯಾರಿಯಟ್ ಅವರ ಸಂಪೂರ್ಣ ಜೀವನಚರಿತ್ರೆಯಾದರೆ ಕಿಂಗ್‌ಸ್ಟನ್ ಮತ್ತು ಲಂಡನ್ ಎರಡನ್ನೂ ಬಿಟ್ಟು ಬರೆಯಲಾಗದು. ಅಲನ್ ರಾಬರ್ಟ್‌ಸನ್ ಅವರ ಇಂಗ್ಲಿಷ್ ಜೀವನಚರಿತ್ರೆ 2003ರಲ್ಲೇ ಬಂದಿದೆ, ದೂರದಿಂದ ಬರೆದದ್ದು ಅದರ ಸಂಗ್ರಹವಾಗಿಬಿಡುವ ಅಪಾಯವಿದೆ. ಬರೀ ಧ್ವನಿಮುದ್ರಣಗಳ ಟಿಪ್ಪಣಿಸಹಿತ ಪಟ್ಟಿ ಮಾಡಿದರೆ ಅದು ಖಚಿತವಾಗಿರುತ್ತದೆ, ಆದರೆ ಕನ್ನಡದಲ್ಲಿ ಓದುವವರು ವಿರಳವಾಗಬಹುದು. ನಾನು ಮನಸಾರೆ ಸೂಚಿಸುವುದು ಮೂರನೆಯ ದಾರಿಯನ್ನು: 1960ರ ದಶಕದ ನಡುವಿನಿಂದ 1969ರವರೆಗೆ ಹ್ಯಾರಿಯಟ್ ಅವರು ಭಾರತ ಮೂಲದ ಸಂಗೀತಗಾರರೊಡನೆ ಕಳೆದ ಕಾಲವನ್ನಷ್ಟೇ ಆರಿಸಿಕೊಳ್ಳಿ, ಅದರಲ್ಲಿ ಡಿಸಿಲ್ವ ಅವರ ಮುಂಬೈ ಹಿನ್ನೆಲೆಯನ್ನು ನೀವೇ ಅಗೆದು ತೆಗೆಯಿರಿ. ಮರಾಠಿ ಬಲ್ಲ, ಕೊಂಕಣಿ ಅರ್ಥವಾಗುವ, ಮುಂಬೈಗೆ ಬೆಳಗಿನ ರೈಲಿನಲ್ಲಿ ಹೋಗಿ ರಾತ್ರಿ ಮರಳಬಲ್ಲ ನೀವು ಇದನ್ನು ಲಂಡನ್ನಿನವರಿಗಿಂತ ಚೆನ್ನಾಗಿ ಮಾಡಬಲ್ಲಿರಿ.

ಹುಡುಕಾಟ ಗೋವಾದಿಂದ ಆರಂಭವಾಗಬೇಕೆಂದು ಬಹಳ ಮಂದಿ ಭಾವಿಸುತ್ತಾರೆ. ಡಿಸಿಲ್ವ ಹುಟ್ಟಿದ್ದು ಮುಂಬೈಯಲ್ಲಾದ್ದರಿಂದ ದೀಕ್ಷಾಸ್ನಾನದ ದಾಖಲೆಯನ್ನು ಮೊದಲು ಮುಂಬೈಯ ಚರ್ಚುಗಳಲ್ಲೇ ವಿಚಾರಿಸಬೇಕು. ಹೆಸರು ಡಿಸಿಲ್ವ, ದಾ ಸಿಲ್ವಾ, ಸಿಲ್ವಾ ಎಂದು ಮೂರು ಬಗೆಯಲ್ಲಿ ಬರೆದಿರಬಹುದು, ಮೂರನ್ನೂ ನೋಡಿ. ಧೋಬಿ ತಲಾವ್ ಸುತ್ತಮುತ್ತ ಗೋವಾದ ಹಳ್ಳಿಗಳವರು ನಡೆಸಿಕೊಂಡು ಬಂದ ಕೂಡ್ ಎಂಬ ವಸತಿಗಳಲ್ಲಿ ಎಷ್ಟೋ ವಾದಕರು ಉಳಿದಿದ್ದರು. ಅಲ್ಲಿನ ಹಿರಿಯರ ಬಾಯಲ್ಲಿ ಹೆಸರುಗಳು ಇನ್ನೂ ಇವೆ. ಹಳೆಯ ಇಂಗ್ಲಿಷ್ ಪತ್ರಿಕೆಗಳ ಜಾಹೀರಾತುಗಳಲ್ಲಿ ಯಾವ ಹೋಟೆಲಿನಲ್ಲಿ ಯಾವ ಬ್ಯಾಂಡು ಎಂಬುದು ತಾರೀಖಿನ ಸಮೇತ ಇರುತ್ತದೆ, ಅವುಗಳಿಗಾಗಿ ಟೌನ್ ಹಾಲ್‌ನಲ್ಲಿರುವ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯಕ್ಕೆ ಹೋಗಿ. ಪಣಜಿಯ ಕೃಷ್ಣದಾಸ ಶಾಮಾ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಒಮ್ಮೆ ಹೋಗಬೇಕಾಗುತ್ತದೆ, ಆದರೆ ‘ಓ ಹೆರಾಲ್ಡೊ’ದಂತಹ ಪತ್ರಿಕೆ 1983ರವರೆಗೆ ಪೋರ್ಚುಗೀಸಿನಲ್ಲಿತ್ತು ಎಂಬುದು ನೆನಪಿರಲಿ, ಓದಿ ಹೇಳುವವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಬ್ರಿಟನ್ನಿನ ಕಡೆಯದಕ್ಕೆ ಎಸೆಕ್ಸ್‌ನ ಲೌಟನ್‌ನಲ್ಲಿರುವ ನ್ಯಾಷನಲ್ ಜಾಝ್ ಆರ್ಕೈವ್‌ನವರು ಹಳೆಯ ನಿಯತಕಾಲಿಕೆಗಳನ್ನೂ ಸಂದರ್ಶನಗಳನ್ನೂ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಕೋಲ್‌ರಿಜ್ ಗೂಡ್ ಅವರ ಆತ್ಮಕಥೆ 2002ರಲ್ಲಿ ಪ್ರಕಟವಾಗಿದೆ. ಆ ತಂಡದ ಒಳಗಿನಿಂದ ಬಂದ ಮಾತಾದ್ದರಿಂದ ಅದನ್ನು ಜೀವನಚರಿತ್ರೆಗಿಂತಲೂ ಮೊದಲು ಓದಿ.

ಹಿರಿಯ ವಾದಕರನ್ನು ಮಾತನಾಡಿಸುವಾಗ ‘ನೀವು ಡಿಸಿಲ್ವ ಅವರೊಡನೆ ನುಡಿಸಿದ್ದಿರಾ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಸೌಜನ್ಯಕ್ಕಾದರೂ ಹೌದೆನ್ನುತ್ತಾರೆ. ಆಗ ಯಾವ ಹೋಟೆಲಿನಲ್ಲಿದ್ದಿರಿ, ಪಿಯಾನೊ ಯಾರದು, ನಿಮ್ಮ ಮದುವೆಗೆ ಮೊದಲೋ ಆಮೇಲೋ ಎಂದು ಕೇಳುತ್ತ ಹೋಗಿ, ಹೆಸರು ತಾನಾಗಿ ಬರಲಿ. ಹಳೆಯ ಫೋಟೊ ಅಥವಾ ಕಾರ್ಯಕ್ರಮದ ಕರಪತ್ರ ಮುಂದಿಟ್ಟರೆ ನೆನಪು ಹೆಚ್ಚು ನೇರವಾಗಿ ಬರುತ್ತದೆ. ಮಾತನ್ನು ಧ್ವನಿಮುದ್ರಿಸುವ ಮೊದಲೇ, ಪುಸ್ತಕದಲ್ಲಿ ಬಳಸಿಕೊಳ್ಳುವುದಕ್ಕೆ ಅವರಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ. ವಯಸ್ಸಾದವರನ್ನು ಮೊದಲು ನೋಡಿ. ಗ್ರಂಥಾಲಯಗಳು ಆಮೇಲೂ ಇರುತ್ತವೆ.